ಜೋಡಿ ಗರಗಸದ ಈ ತುದಿ

ಬೆಳಕು ಹರಿಯುವ ಮೊದಲೇ ಶೆಡ್ಡಿನ ಬಾಗಿಲು ಕಿರ್ರೆನ್ನುತ್ತದೆ. ಬಡಗಿಯಕ್ಕ ಮರದ ಹೊಟ್ಟು ಗುಡಿಸಿ, ರಿಪೇರಿಗೆ ಬಂದ ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿ, ತಮ್ಮ ಅಚ್ಚುಮೆಚ್ಚಿನ ಉಳಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿಯುತ್ತಾರೆ. ಇಷ್ಟು ವರ್ಷ ಬೆಂಚಿನ ಮೇಲೆ ಎಲ್ಲರ ಕೈಗೂ ಸಿಗುತ್ತಿದ್ದ ಉಳಿಗೆ ಈ ವಾರದಿಂದ ಬೀಗ. ಯಾಕೆಂದು ಕೇಳಿದರೆ "ತುಕ್ಕು ಹಿಡಿಯುತ್ತೆ" ಎನ್ನುತ್ತಾರೆ. ಸುಳ್ಳು! ಅಪ್ಪಟ ಹೊಟ್ಟೆಕಿಚ್ಚು.

ಕಿಚ್ಚು ಗಿಡ್ಡಿಯ ಮೇಲೆ. ಶಾಲೆ ಬೇಡವೆಂದು ಓಡಿಬಂದು ಇಲ್ಲೇ ಮೊಳೆ ಹೊಡೆಯಲು ಕಲಿತ ಹುಡುಗಿ ಈಗ ಚಿಕ್ಕವರಿಗೆ ಕಲಿಸುತ್ತಾಳೆ. ಕಲಿತವರು ಇನ್ನೊಬ್ಬರಿಗೆ ಕಲಿಸಬೇಕು ಎಂಬ ನಿಯಮ ಮಾಡಿದ್ದೇ ಬಡಗಿಯಕ್ಕ. ಆದರೆ ಮಕ್ಕಳೆಲ್ಲ ತಮ್ಮನ್ನು ದಾಟಿ ಅವಳ ಬೆಂಚಿಗೇ ಹೋಗುತ್ತಾರೆಂದು ಯಾರು ಕಂಡಿದ್ದರು?

"ಗುರುವಿಗೇ ತಿರುಮಂತ್ರ ಹಾಕ್ತಾಳೆ!" ಬಡಗಿಯಕ್ಕ ಗೊಣಗುತ್ತಾರೆ.

ಅವರ ಗಂಡ, ಪಕ್ಕದ ಕೋಣೆಯ ದರ್ಜಿ, ನಗುತ್ತಾರೆ. "ನೀನು ಮಗು ಕೈಯಿಂದ ಉಳಿ ಕಿತ್ಕೊಂಡು 'ಹೀಗಲ್ಲ, ಹೀಗೆ' ಅಂತೀಯ. ಅವಳು ಕೆಡಿಸೋಕೆ ಬಿಡ್ತಾಳೆ. ಅಷ್ಟೇ ಕಣೇ."

"ಹಲಗೆ ಏನು ನಿಮ್ಮಪ್ಪನ ಮನೇದಾ, ಕೆಡಿಸೋಕೆ?"

ತಂದೆ ತೀರಿಕೊಂಡ ಮೇಲೆ ಬಡಗಿಯಕ್ಕ ಅವರ ಗರಗಸ ಹಿಡಿದಾಗ "ಹೆಂಗಸಿಗೆ ಯಾಕಮ್ಮ ಮರಗೆಲಸ" ಎಂದವರೇ ಹೆಚ್ಚು. ಕೆಲಸವಿಲ್ಲದೆ ಕೂತ ದಿನಗಳಲ್ಲಿ, ಬಾಗಿಲಲ್ಲಿ ಇಣುಕಿದ ಮಕ್ಕಳನ್ನು ಒಳಗೆ ಕರೆದರು. ಈಗ ದಿನಕ್ಕೆ ಇಪ್ಪತ್ತರ ಮೇಲೆ ಬರುತ್ತಾರೆ. ಹಲಗೆ ಅಳೆಯುತ್ತ ಭಿನ್ನರಾಶಿ ಕಲಿಯುತ್ತಾರೆ, ಸರದಿಯಲ್ಲಿ ಅಡುಗೆ ಮಾಡುತ್ತಾರೆ. ಜಗಳವಾಡಿದ ಇಬ್ಬರಿಗೆ ಜೋಡಿ ಗರಗಸದ ಎರಡು ತುದಿ ಸಿಗುತ್ತದೆ. ಒಬ್ಬರು ಎಳೆದಾಗ ಇನ್ನೊಬ್ಬರು ಕೈ ಸಡಿಲ ಬಿಡಬೇಕು. ಇಬ್ಬರೂ ಎಳೆದರೆ ಅಲ್ಲೇ ಕಚ್ಚಿಕೊಳ್ಳುತ್ತದೆ.

"ಅಕ್ಕಾ, ಉಳಿ ಎಲ್ಲಿ?" ಗಿಡ್ಡಿ ಕೇಳುತ್ತಾಳೆ.

"ನಿನಗೆ ಎಲ್ಲಾ ಬರುತ್ತಲ್ಲ ತಾಯಿ, ಉಗುರಲ್ಲೇ ಕೆತ್ತು!"

ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ನಾಲ್ಕು ಮಂದಿ ಜೋಡಿ ಗರಗಸ ಹೊತ್ತು ತಂದು, ಇಬ್ಬರ ನಡುವಿನ ದಿಮ್ಮಿಯ ಮೇಲಿಡುತ್ತಾರೆ. "ನಿಯಮ ನಿಮ್ದೇ ಅಕ್ಕ."

ಮೊದಲ ಎಳೆತಕ್ಕೇ ಗರಗಸ ಕಚ್ಚಿಕೊಳ್ಳುತ್ತದೆ. ಎರಡನೆಯದಕ್ಕೂ ಅದೇ ಕಥೆ. ಗಿಡ್ಡಿ ಕೈ ಸಡಿಲಿಸಿ ಸುಮ್ಮನೆ ಕಾಯುತ್ತಾಳೆ, "ಹೀಗಲ್ಲ" ಎನ್ನುವುದಿಲ್ಲ. ಅದಕ್ಕೇ ಅಕ್ಕನಿಗೆ ಇನ್ನಷ್ಟು ಉರಿ. ಕೊನೆಗೆ ಅವರೂ ಸಡಿಲ ಬಿಡುತ್ತಾರೆ. ಗರಗಸ ಓಡುತ್ತದೆ. ದಿಮ್ಮಿ ಎರಡಾದ ಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಗಿಡ್ಡಿಯತ್ತ ಎಸೆಯುತ್ತಾರೆ.

"ನನಗಿಂತ ಚೆನ್ನಾಗಿ ಕಲಿಸ್ತಾಳೆ. ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತ ಬೆವರು ಒರೆಸಿಕೊಳ್ಳುತ್ತಾರೆ. "ಉಳಿ ಅವಳೇ ಇಟ್ಕೊಳ್ಳಲಿ. ಆದ್ರೆ ಅವಳ ಜೊತೆ ಜಗಳ ಆಡೋಳು ಮಾತ್ರ ನಾನೇ. ಗರಗಸದ ಈ ತುದೀನ ಇನ್ಯಾರಿಗೂ ಕೊಡಲ್ಲ."