ಹನ್ನೆರಡು ಉಕ್ಕಿನ ಹಲಗೆಗಳು

ವಿಶಾಖಪಟ್ಟಣಕ್ಕೆ ಬಂದ ಮೊದಲ ವಾರ ನನ್ನ ಮೇಜಿನ ಮೇಲೆ ಒಂದು ಉಕ್ಕಿನ ಹಲಗೆ ತಂದಿಟ್ಟರು. ಅದರ ಮೈಯೆಲ್ಲ ಮಿಸುಕಾಡುತ್ತಿತ್ತು. ಮೂರು ತಿಂಗಳು ಸಮುದ್ರದಲ್ಲಿದ್ದ ಹಲಗೆಗೆ ಸಣ್ಣ ಸಣ್ಣ ಚಿಪ್ಪಿನ ಜೀವಿಗಳು ಕಚ್ಚಿಕೊಂಡು ಬಾಯಿ ತೆರೆದು ಮುಚ್ಚುತ್ತಿದ್ದವು. ನಮ್ಮೂರು ಮಾಗಳದ ಹೊಳೆಯಲ್ಲಿ ವರ್ಷಗಟ್ಟಲೆ ಮುಳುಗಿದ್ದ ಸರಪಳಿಗೂ ಪಾಚಿ, ತುಕ್ಕು ಬಿಟ್ಟು ಬೇರೇನೂ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಇಲ್ಲಿಯ ನೀರು ಹಡಗನ್ನೇ ತಿನ್ನುತ್ತದೆ. ಯುದ್ಧದ ಹಡಗುಗಳಿಗೆ ಅದನ್ನು ತಡೆಯುವ ಲೇಪ ಹುಡುಕುವುದೇ ನನ್ನ ಕೆಲಸ.

ಬಾಡಿಗೆಗೆ ಮನೆ ಕೊಟ್ಟವರು ಪೈಡಮ್ಮ. ಅವರ ಗಂಡ ಅಪ್ಪಲರಾಜು ನಮ್ಮ ಪ್ರಯೋಗಾಲಯದ ಡೈವರ್. ಬಗೆಬಗೆಯ ಲೇಪ ಬಳಿದ ನನ್ನ ಹಲಗೆಗಳನ್ನು ಪರೀಕ್ಷೆಗೆಂದು ನೀರಲ್ಲಿ ಮುಳುಗಿ ಜೆಟ್ಟಿಯ ಕೆಳಗೆ ಕಟ್ಟಿ ಬರುತ್ತಿದ್ದವರು ಅವರೇ. ನಮ್ಮದು ಮೀನು ಮುಟ್ಟದ ಮನೆತನ. ಅವರ ಅಂಗಳದಲ್ಲಿ ಸದಾ ಒಣಮೀನು. ಮೊದಲ ತಿಂಗಳು ಕಿಟಕಿ ಮುಚ್ಚಿಕೊಂಡೇ ಇದ್ದೆ. ಪೈಡಮ್ಮ ತಾವಾಗಿಯೇ ಮೀನನ್ನು ಮಾಳಿಗೆಗೆ ಸಾಗಿಸಿದರು. ನನಗೆ ನಾಚಿಕೆಯಾಯಿತು. ಭಾನುವಾರ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಯ ಜೊತೆ ಒಯ್ದುಕೊಟ್ಟೆ. ಅಪ್ಪಲರಾಜು ಮೂರು ತಿಂದರು. ಅಂದಿನಿಂದ ನನಗೆ ತೆಲುಗು ಕಲಿಸುವ ಜವಾಬ್ದಾರಿ ಅವರದೇ ಆಯಿತು.

ಹಲಗೆಗಳು ನೀರಿಗಿಳಿದು ವರ್ಷವಾಗುತ್ತ ಬಂದಾಗ ಚಂಡಮಾರುತದ ಸುದ್ದಿ ಬಂತು. ಬೆಳಿಗ್ಗೆ ಜೆಟ್ಟಿಯ ಮೇಲೆ ನಿಂತು ಅಪ್ಪಲರಾಜು ಅವರಿಗೆ ನಾನೇ ಅಂದೆ: "ಇವು ಕೊಚ್ಚಿಹೋದರೆ ಎಲ್ಲ ಮತ್ತೆ ಮೊದಲಿನಿಂದ." ಇಳಿಯಿರಿ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಅವರು ನಕ್ಕು ಇಳಿದರು.

ಹನ್ನೆರಡೂ ಹಲಗೆಗಳಿದ್ದ ಬಲೆಚೀಲ ಹಗ್ಗದ ತುದಿಯಲ್ಲಿ ಮೇಲೆ ಬಂತು. ಅವರನ್ನು ಎತ್ತಿದಾಗ ಜೀವವಿರಲಿಲ್ಲ. ಅಲೆ ಅವರನ್ನು ಜೆಟ್ಟಿಯ ಕಂಬಕ್ಕೆ ಅಪ್ಪಳಿಸಿತ್ತು.

ಹೊಸ ಲೇಪ ಬಳಿದಿದ್ದ ಐದು ಹಲಗೆಗಳು ನುಣುಪಾಗಿಯೇ ಇದ್ದವು. ಕಚೇರಿಯಲ್ಲಿ ಎಲ್ಲರೂ ನನ್ನ ಕೈ ಕುಲುಕಿದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಪೈಡಮ್ಮ ಒಂದು ಹಲಗೆಯನ್ನು ನೋಡಬೇಕೆಂದರು. ಅನುಮತಿ ಪಡೆದು ತಂದೆ. ಅಂಗೈಯಿಂದ ಅದನ್ನು ಸವರುತ್ತ ಕೇಳಿದರು: "ಇದಕ್ಕೇನಾ?"

"ಹೂಂ. ನಾನು ಬೇಡ ಅನ್ನಬೇಕಿತ್ತು."

"ನೀನು ಬೇಡ ಅಂದಿದ್ದರೂ ಇಳಿಯುತ್ತಿದ್ದರು," ಅಂದರು. ಹಲಗೆಯನ್ನು ನನ್ನ ಕೈಗೆ ಕೊಡುತ್ತ, "ಆದರೂ ಅನ್ನಬೇಕಿತ್ತು."

ಹೋದ ತಿಂಗಳು ಮಾಗಳಕ್ಕೆ ಹೋಗಿದ್ದೆ. ಅವ್ವ ಎಲ್ಲ ಕೇಳಿಸಿಕೊಂಡು, "ಸಾಕು, ಬಂದುಬಿಡವ್ವಾ. ಹೊಸಪೇಟಿ ಕಡೀಗೂ ಉಕ್ಕಿನ ಕೆಲಸ ಐತಿ," ಅಂದಳು. ಹೂಂ ಅನ್ನಬೇಕೆನ್ನುವಷ್ಟರಲ್ಲಿ ಫೋನು ಬಂತು. ಪೈಡಮ್ಮ. "ಇಂಟಿಕಿ ಎಪ್ಪುಡು ವಸ್ತಾವಮ್ಮಾ?" ಎಂದಷ್ಟೇ ಕೇಳಿದರು. ಉತ್ತರ ಕೊಟ್ಟು ಇಟ್ಟೆ.

"ಏನಂತಾಳ ಆಕಿ?"

"ಮನಿಗೆ ಯಾವಾಗ ಬರ್ತಿ ಅಂತ ಕೇಳಿದ್ರು."

"ನೀ ಏನಂದಿ?"

"ಸೋಮವಾರ ಅಂದೆ."

ಅವ್ವ ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ, ಹಗ್ಗದ ಮೇಲಿದ್ದ ನನ್ನ ಬಟ್ಟೆಗಳನ್ನು ತೆಗೆದು ಒಂದೊಂದಾಗಿ ಮಡಚತೊಡಗಿದಳು.