ತಂಗಿ ಸೈನ್ಯದಲ್ಲಿರಲಿಲ್ಲ ಎಂದ ದಿನ

ಅಥವಾ ಅದು ಮಧ್ಯಾಹ್ನವೇ ಅಲ್ಲವೇನೋ. ಇಷ್ಟು ವರ್ಷ ಮಧ್ಯಾಹ್ನ ಎಂದೇ ಹೇಳಿಕೊಂಡು ಬಂದಿದ್ದೇನೆ. ಊಟವಾಗಿ ತೂಕಡಿಸುತ್ತಿದ್ದೆ ಎಂದರೆ ತಪ್ಪು ಅರ್ಧ ಕಡಿಮೆಯಾದಂತೆ ಕಾಣುತ್ತದೆ. ಬೆಳಿಗ್ಗೆಯೇ ಇದ್ದೀತು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಪುಣೆಯ ಸದಾಶಿವ ಪೇಟೆಯಲ್ಲಿ ನಾವು ಬಾಡಿಗೆಗಿದ್ದ ವಾಡೆಯ ಮಹಡಿಗೆ ವಯಸ್ಸಾದ ಒಬ್ಬಾತ ಹತ್ತಿ ಬಂದು ನನ್ನ ತಂಗಿಯನ್ನು ವಿಚಾರಿಸಿದ. ಇಷ್ಟು ಖಚಿತ.

ತಂಗಿ ಎರಡು ವರ್ಷ ಹೆಂಗಸರ ಸೈನ್ಯದಳದಲ್ಲಿದ್ದಳು. ಕ್ಯಾಂಪಿನ ಟೆಲಿಫೋನ್ ಹಲಗೆಯ ಮುಂದೆ ಕೂತು ತಂತಿ ಜೋಡಿಸುವ ಕೆಲಸ. ದಳವೇ ಹೊಸದು, ಧಾರವಾಡದಿಂದ ಬಂದ ನಮ್ಮ ಮನೆಗಂತೂ ಹೇಳಿಕೊಳ್ಳಲಾಗದ್ದು. ಅವ್ವ ಅವಳ ಖಾಕಿ ಸೀರೆಯನ್ನು ಒಳಕೋಣೆಯಲ್ಲಿ ಇನ್ನೊಂದು ಸೀರೆಯ ಅಡಿಗೆ ಒಣಹಾಕುತ್ತಿದ್ದಳು. ಹೊರಗಿನವರಲ್ಲಿ ಕೆಳಮನೆಯ ಮರಾಠಿ ಕಾಕು ಒಬ್ಬಳಿಗೆ ಮಾತ್ರ ನಿಜ ಗೊತ್ತಿತ್ತು.

ಆಮೇಲೆ ಮಾಜಿ ಸಿಪಾಯಿಗಳಿಗಿದ್ದ ಸರಕಾರಿ ಸೌಲಭ್ಯಗಳನ್ನು ಹೆಂಗಸರ ದಳಕ್ಕೂ ವಿಸ್ತರಿಸಿದರು. ಶಿಕ್ಷಕಿಯರ ತರಬೇತಿಯಲ್ಲಿ ಮೀಸಲು ಸೀಟು ಸಿಗುತ್ತಿತ್ತು. ತಂಗಿಗೆ ಬೇಕಿದ್ದದ್ದು ಅದೊಂದೇ. ಅರ್ಜಿ ಹಾಕಿದ್ದನ್ನು ನನಗೆ ಹೇಳಿದ್ದಳು. ಹೇಳಿದ್ದಳೆಂದೇ ಈಗ ಅನಿಸುತ್ತದೆ. ಬಿಡುಗಡೆ ಕಾಗದವಿದ್ದರೂ ಸಾಲದು, ನಿವೃತ್ತ ಹವಾಲ್ದಾರನೊಬ್ಬ ಮನೆಗೇ ಹೋಗಿ ಕೇಳಿ ಬರೆದುಕೊಂಡು ಬರಬೇಕು. ಸಿಪಾಯಿಯ ಮನೆಯವರು ಹೆಮ್ಮೆಯಿಂದ ಫೋಟೋ ಇಳಿಸಿ ತೋರಿಸುತ್ತಿದ್ದರು. ಹೆಂಗಸರಿಗೂ ಅದೇ ಕ್ರಮ ಇಟ್ಟರು.

ಅದೇ ವಾರ ಬೆಳಗಾವಿಯ ಗಂಡಿನವರು ತಂಗಿಯ ಬಗ್ಗೆ ಅಲ್ಲಿ ಇಲ್ಲಿ ವಿಚಾರಿಸುತ್ತಿದ್ದರು.

"ನಿಮ್ಮ ತಂಗಿಯವರು ಪಲ್ಟನ್‌ದಾಗ ಇದ್ರಂತಲ್ರಿ?" ಎಂದ ಮಹಡಿ ಹತ್ತಿ ಬಂದ ಆತ.

"ಯಾರ ಹೇಳಿದ್ರಿ ನಿಮಗ? ನಮ್ಮ ಮನಿ ಹುಡುಗ್ಯಾರು ಬಂದೂಕ ಹಿಡಿಯೂದಿಲ್ರಿ."

ಆತ ನಕ್ಕ. "ಬಂದೂಕ ಅಲ್ರಿ ಸಾಹೇಬ್ರ, ಟೆಲಿಫೋನ."

"ಅದು ಪೋಸ್ಟಿನ ಆಫೀಸಿನ್ಯಾಗ್ರಿ. ಸೈನ್ಯದಾಗ ಅಲ್ಲ."

"ಖರೇನ? ಬರ್ಕೊಳ್ಳಲ್ರಿ?"

"ಬರ್ಕೊಳ್ರಿ."

ಆತ ಗಂಡಿನ ಕಡೆಯವನೆಂದು ತಿಳಿದೆ. ಇದು ನಾನು ಹೇಳಿಕೊಳ್ಳುವ ಕಥೆ. ಆದರೆ ಹೆಣ್ಣಿನ ವಿಚಾರಕ್ಕೆ ಬಂದವನು ಚೀಟಿ ತೆಗೆದು ಪೆನ್ಸಿಲಿನಲ್ಲಿ ಯಾಕೆ ಬರೆದುಕೊಳ್ಳುತ್ತಾನೆ? ಕೆಲವೊಮ್ಮೆ ನೆನಪಿನಲ್ಲಿ ನಾನು ಆ ಚೀಟಿಗೆ ಸಹಿಯನ್ನೂ ಹಾಕುತ್ತೇನೆ. ಕೆಲವೊಮ್ಮೆ ಹಾಕುವುದಿಲ್ಲ.

ತಿಂಗಳೊಳಗೆ ಉತ್ತರ ಬಂತು. ಮನೆಯಲ್ಲಿ ನಡೆಸಿದ ವಿಚಾರಣೆಯಿಂದ ಸೇವೆ ದೃಢಪಟ್ಟಿಲ್ಲ, ಅರ್ಜಿ ತಿರಸ್ಕೃತ. ಯಾರನ್ನು ಕೇಳಿದರೆಂದು ಬರೆದಿರಲಿಲ್ಲ.

"ಅಣ್ಣಾ, ಯಾರ ಹಂಗಂದಿರಬೇಕು?"

"ಕೆಳಗಿನ ಕಾಕು ಇರಬೇಕು. ಆಕಿ ಬಾಯಿ ನಿಂಗ ಗೊತ್ತದಲ್ಲ."

ಇದನ್ನು ನಾನು ಯೋಚಿಸಿ ಹೇಳಲಿಲ್ಲ. ಯೋಚಿಸದೆ ಇಷ್ಟು ಸಲೀಸಾಗಿ ಬಂತಲ್ಲ ಎನ್ನುವುದೇ ಈಗ ಚುಚ್ಚುತ್ತದೆ.

"ನೀ ಒಂದ ಸಲ ನನ್ನ ಕೂಡ ಆಫೀಸಿಗೆ ಬಂದು ಖರೇ ಹೇಳು. ಅಷ್ಟ ಸಾಕು," ಎಂದಳು.

"ಮೊದಲ ಗಂಡಿನವ್ರು ಬಂದು ಹೋಗ್ಲಿ. ಮುಂದಿನ ವಾರ ಹೋಗೂಣು."

ಗಂಡಿನವರು ಬರಲೇ ಇಲ್ಲ. ಮುಂದಿನ ವಾರದ ಹೊತ್ತಿಗೆ ಸೀಟುಗಳು ತುಂಬಿದ್ದವು. ತಂಗಿ ಮತ್ತೆಂದೂ ಅರ್ಜಿಯ ಮಾತೆತ್ತಲಿಲ್ಲ, ಶಿಕ್ಷಕಿಯೂ ಆಗಲಿಲ್ಲ. ನಲ್ಲಿಯ ಹತ್ತಿರ ಕಾಕು ಕೊಡ ಇಟ್ಟರೆ ಇವಳು ತನ್ನದನ್ನು ಎತ್ತಿಕೊಂಡು ಬರುತ್ತಿದ್ದಳು. ಚಿಕ್ಕವಳಿದ್ದಾಗ ಅದೇ ಕಾಕುವಿನ ಕೈಯಲ್ಲಿ ಜಡೆ ಹಾಕಿಸಿಕೊಂಡವಳು.

ಒಮ್ಮೆ ಕಾಕು ನನ್ನನ್ನು ಮೆಟ್ಟಿಲ ಬಳಿ ತಡೆದಳು. "ತಿಲಾ ಕಾಯ್ ಝಾಲಂ ರೇ? ಮೀ ಕಾಯ್ ಕೇಲಂ?" ಅವಳಿಗೇನಾಯಿತು, ನಾನೇನು ಮಾಡಿದೆ ಎಂದು. ನಾನು ಚಪ್ಪಲಿ ಮೆಟ್ಟಿಕೊಂಡು, ಕೆಲಸಕ್ಕೆ ತಡವಾಯಿತೆಂದು ಹೊರಟೆ. ಆ ದಿನ ರಜೆ ಇತ್ತು. ಇದು ಮಾತ್ರ ಚೆನ್ನಾಗಿ ನೆನಪಿದೆ.

ತಂಗಿ ನನ್ನ ಮಾತನ್ನು ನಂಬಿದ್ದಳೇ? ಅಥವಾ ಎಲ್ಲ ತಿಳಿದೂ, ಅದೇ ಮನೆಯಲ್ಲಿ ಅಣ್ಣನ ಜೊತೆ ಬದುಕಬೇಕಾಗಿದ್ದರಿಂದ ಸಿಟ್ಟನ್ನು ಕಾಕುವಿನ ಮೇಲೆ ಹಾಕಿದಳೇ? ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.