ಕೈ ಎತ್ತಿದವರಲ್ಲಿ ನಾನೂ ಇದ್ದೆ

ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಕೆಜಿಎಫ್‌ನ ಊರಿಗಾಂಗೆ ಬಂದ ಮೇಲೆ ಆರು ವರ್ಷ ನಾನು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿಬಂದೆ. ಅಲ್ಲಿನ ಸೂಪರ್‌ವೈಸರ್ ಟಾರ್ಗೆಟ್ ಮುಟ್ಟದವರ ಮುಖಕ್ಕೆ ಬಟ್ಟೆ ಎಸೆಯುತ್ತಿದ್ದ. ಒಂದು ದಿನ ನಮ್ಮ ಜೊತೆಯ ಬಸುರಿಯೊಬ್ಬಳನ್ನು, ಎರಡು ಸಲ ಬಾತ್‌ರೂಮಿಗೆ ಹೋದಳೆಂದು, ಎಲ್ಲರೆದುರು ನಿಲ್ಲಿಸಿದ. ಆ ಸಂಜೆ ರೈಲಿನಲ್ಲಿ ಮೊದಲು ಬಾಯಿ ಬಿಟ್ಟವಳು ನಮ್ಮ ಜೊತೆಯೇ ಹೊಲಿಯುತ್ತಿದ್ದ ಅಕ್ಕ.

ಅಕ್ಕನದು ಪಕ್ಕದ ಕೋರಮಂಡಲ್‌ನಲ್ಲಿ ಗಣಿ ಕಾರ್ಮಿಕರ ಲೈನ್ ಮನೆ. ಮನೆಮಾತು ತಮಿಳು. ಚಿನ್ನದ ಗಣಿ ಮುಚ್ಚಿದ ಮೇಲೆ, ಅಲ್ಲಿ ದುಡಿಯುತ್ತಿದ್ದ ಗಂಡ ಹೆಚ್ಚು ದಿನ ಬದುಕಲಿಲ್ಲ. ನಮ್ಮೆಲ್ಲರಿಗಿಂತ ಹಿರಿಯಳಾದ್ದರಿಂದ ಎಲ್ಲರಿಗೂ ಅಕ್ಕ.

“ನಾವೇ ಒಂದು ಸಂಗ ಮಾಡಿದ್ರೆ ಏನಮ್ಮಾ? ಕೈ ನಮ್ದು, ಕೆಲ್ಸ ನಮ್ದು. ಅವ್ನ್ ಮೂತಿ ಯಾಕೆ ನೋಡ್ಬೇಕು?” ಎಂದಳು.

ಆ ಬಸುರಿಯೂ ಸೇರಿ ಒಂಬತ್ತು ಹೆಂಗಸರು ಒಂದಾದೆವು. ಹಳೆಯ ಗಣಿ ಕಂಪನಿ ಕಟ್ಟಡದ ಒಂದು ಕೋಣೆ ಸಿಕ್ಕಿತು. ಕನ್ನಡದಲ್ಲಿ ಅರ್ಜಿ ಬರೆಯಲು ಬರುತ್ತದೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಸಂಘಕ್ಕೆ ಬೈಲಾ, ಅಂದರೆ ನಿಯಮಾವಳಿ, ಬೇಕೆಂದು ನೋಂದಣಿ ಕಚೇರಿಯವರು ಹೇಳಿದರು. ಬೇರೊಂದು ಸಂಘದ ಬೈಲಾ ತಂದು, ಅರ್ಧ ಅರ್ಥವಾಗದೆ, ಹಾಗೇ ನಕಲು ಮಾಡಿದೆ. ಎಲ್ಲರೂ ಮಾಲೀಕರು, ಎಲ್ಲರಿಗೂ ಒಂದೊಂದು ಓಟು. ಅಷ್ಟು ಮಾತ್ರ ನಮಗೆ ಚೆನ್ನಾಗಿ ಅರ್ಥವಾಗಿತ್ತು.

ಗಾರ್ಮೆಂಟ್ಸ್‌ನಲ್ಲಿ ನಾನು ಆರು ವರ್ಷ ಬರೀ ಜೇಬು ಹೊಲಿದವಳು. ಪೂರ್ತಿ ಅಂಗಿ ಹೊಲಿಯುವುದನ್ನು ಅಕ್ಕ ಕಲಿಸಿದಳು. ಕಾಲರ್ ತಿರುಗಿಸಿ ಮೂಲೆ ಚೂಪಾಗಿ ಕೂರಿಸುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅಕ್ಕ ಬಿಚ್ಚುತ್ತಿದ್ದಳು, ಮತ್ತೆ ಕೊಡುತ್ತಿದ್ದಳು. ಒಂದು ದಿನವೂ ಗದರಲಿಲ್ಲ.

ಮೂರನೇ ವರ್ಷ ದೊಡ್ಡ ಆರ್ಡರ್ ಬಂತು, ಶಾಲಾ ಸಮವಸ್ತ್ರ. ಶಾಲೆ ಶುರುವಾಗುವುದರೊಳಗೆ ಕೊಡಬೇಕು. ಮೊದಲ ಮೂಟೆಯಲ್ಲೇ ಒಂದಿಷ್ಟು ಅಂಗಿ ವಾಪಸ್ ಬಂದವು, ಕಾಲರ್ ಸೊಟ್ಟ ಎಂದು. ಯಾರ ಹೊಲಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕೇಳತೊಡಗಿ ತಿಂಗಳುಗಳಾಗಿದ್ದವು.

ಸಭೆ ಕರೆದೆವು. ಅಕ್ಕನೂ ಬಂದು ನೆಲದ ಮೇಲೆ ಕುಳಿತಳು. ಅವಳಿಗೆ ಆಪರೇಷನ್ ಮಾಡಿಸೋಣ, ಅಲ್ಲಿಯವರೆಗೆ ಅವಳ ಪಾಲಿನ ಕೆಲಸ ಹಂಚಿಕೊಳ್ಳೋಣ ಎಂದು ಹೇಳಲು ನಾನು ಮನೆಯಿಂದಲೇ ಸಿದ್ಧವಾಗಿ ಬಂದಿದ್ದೆ. ಅಷ್ಟರಲ್ಲಿ, ಅಂದು ಗಾರ್ಮೆಂಟ್ಸ್‌ನಲ್ಲಿ ಬಸುರಿಯಾಗಿದ್ದವಳೇ ಎದ್ದು ನಿಂತಳು.

“ಆಯಮ್ಮನ್ ಕೈಲಿ ಇನ್ ಆಗಲ್ಲ ಕಣೇ. ಆರ್ಡರ್ ಕೈತಪ್ಪೋದ್ರೆ ನಾವೆಲ್ಲ ತಿರ್ಗಾ ಅದೇ ರೈಲು ಅತ್ಬೇಕಾಯ್ತದೆ. ಬೈಲಾದಾಗೆ ಏನೋ ಐತಂತಲ್ಲ, ಓದು.”

ನಾನೇ ನಕಲು ಮಾಡಿದ್ದ ಬೈಲಾವನ್ನು ನಾನೇ ಓದಿದೆ. ಕೆಲಸ ತೃಪ್ತಿಕರವಾಗಿಲ್ಲದ ಸದಸ್ಯರನ್ನು ಬಹುಮತದಿಂದ ತೆಗೆಯಬಹುದು. ಒಪ್ಪುವವರು ಕೈ ಎತ್ತಿ ಎಂದೆ. ಒಂದೊಂದಾಗಿ ಕೈಗಳು ಮೇಲೆದ್ದವು. ನನಗೂ ಆ ರೈಲು ನೆನಪಾಯಿತು. ನಾನೂ ಎತ್ತಿದೆ.

ಅಕ್ಕ ನಮ್ಮ ಮುಖಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಎಷ್ಟು ಕಂಡಿತೋ.

“ಆ ಸೂಪರ್‌ವೈಸರ್ ಬೈದು ಕಳಿಸ್ತಿದ್ದ. ನೀವು ಬೈಲಿಲ್ಲ. ಸರಿ, ಬರ್ತೀನಮ್ಮಾ.”

ಕತ್ತರಿ ತೆಗೆದುಕೊಂಡು ಹೊರಟುಹೋದಳು.

ಆರ್ಡರ್ ಉಳಿಯಿತು. ಅಕ್ಕನನ್ನು ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದವರು ಪಕ್ಕದ ಮನೆಯವರು, ನಾವಲ್ಲ. ಆಪರೇಷನ್ ಆಗಿ ದೃಷ್ಟಿ ಬಂದ ಮೇಲೆ, ನನ್ನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಒಂದು ಚೀಟಿ ಬರೆಸಿ ಕಳಿಸಿದಳು. ಅದನ್ನು ಸಭೆಯಲ್ಲಿ ಇಟ್ಟೆ. ಅವಳ ಮೆಷಿನ್‌ಗೆ ಬೇರೆಯವಳು ಬಂದಾಗಿದೆ, ಜಾಗವೆಲ್ಲಿ ಎಂದರು. ಜಾಗ ಮಾಡೋಣ ಎನ್ನಲು ನನಗೆ ಬಾಯಿತ್ತು. ಅನ್ನಲಿಲ್ಲ.

ಈಗ ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಸಂತೆಯಲ್ಲಿ ಎದುರಾದರೆ “ಚೆನ್ನಾಗಿದ್ದೀಯಾಮ್ಮಾ?” ಎಂದು ಕೇಳಿ ಮುಂದೆ ಹೋಗುತ್ತಾಳೆ.

ಕಳೆದ ತಿಂಗಳು ಕಾಲೇಜಿನ ಹುಡುಗಿಯರು ನಮ್ಮ ಸಂಘವನ್ನು ನೋಡಲು ಬಂದಿದ್ದರು. ಮಾಲೀಕನಿಲ್ಲದೆ ಹೆಂಗಸರೇ ನಡೆಸುವ ಮಾದರಿ ಘಟಕವಂತೆ. ಇಲ್ಲಿ ಎಲ್ಲರೂ ಸಮಾನರು ಎಂದು ನಾನು ವಿವರಿಸಿದೆ.

“ಇದುವರೆಗೆ ಯಾರಾದರೂ ಸಂಘ ಬಿಟ್ಟಿದ್ದಾರಾ ಮೇಡಂ?” ಎಂದು ಒಬ್ಬಳು ಕೇಳಿದಳು.

“ಒಬ್ಬರು ಬಿಟ್ಟರು,” ಎಂದೆ. “ಕಣ್ಣಿನ ತೊಂದರೆ.”

ಅವಳು ಅದನ್ನು ಹಾಗೆಯೇ ಬರೆದುಕೊಂಡಳು.